ದಾವಣಗೆರೆ ಗಾಳಿ ಕೆಟ್ಟಾಗ ಯಾರನ್ನ ಕೇಳಬೇಕು, ಹೆಂಗೆ ಕೇಳಬೇಕು

ಡಿಸೆಂಬರ್ ಬಂತಂದ್ರೆ ನಮ್ಮಮ್ಮನಿಗೆ ಉಬ್ಬಸ ಶುರು ಆಗ್ತದೆ. ಬೆಳಿಗ್ಗೆ ಆರಕ್ಕೆ ಹಾಲಿನ ಪಾಕೀಟು ತಗೊಳ್ಳೋಕೆ ಬಾಗಿಲು ತೆಗೆದ್ರೆ ಸಾಕು, ಓಣಿ ಮೂಲೇಲಿ ಯಾರೋ ಹೊಂಗೆ ಎಲೆ, ಪ್ಲಾಸ್ಟಿಕ್ ಕವರು, ಹಳೇ ಚಪ್ಪಲಿ ಎಲ್ಲಾ ಗುಡ್ಡೆ ಹಾಕಿ ಬೆಂಕಿ ಹಚ್ಚಿರ್ತಾರೆ. ಆ ಹೊತ್ತಲ್ಲಿ ಹೊಗೆ ಮೇಲಕ್ಕೂ ಹೋಗಲ್ಲ, ಚಳಿಗೆ ನೆಲಮಟ್ಟದಲ್ಲೇ ತೆವಳಿಕೊಂಡು ಬಂದು ನಮ್ಮ ವರಾಂಡದಲ್ಲಿ ಕೂತ್ಕೊಳ್ತದೆ, ಅಮ್ಮ ಸೆರಗು ಮೂಗಿಗೆ ಹಿಡ್ಕೊಂಡು ಒಳಗೆ ಹೋಗಿ ಇನ್‌ಹೇಲರ್ ಹುಡುಕ್ತಾರೆ. ಎರಡು ಚಳಿಗಾಲ ಹಿಂಗೇ ನೋಡಿದ್ದೀನಿ. ಮೊದಲ್ನೇ ಸಲ ದೂರು ಕೊಡೋಕೆ ಒಂದು ಆಫೀಸಿಗೆ ಹೋದೆ, ಇದು ನಮ್ದಲ್ಲ ಅಂದ್ರು. ಇನ್ನೊಂದಕ್ಕೆ ಹೋದೆ, ಬಾಯಲ್ಲಿ ಹೇಳಿದ್ದು ಕೇಳಿಸ್ಕೊಂಡು ನೋಡೋಣ ಬಿಡ್ರಿ ಅಂದ್ರು, ಅಷ್ಟೇ. ಆಮೇಲೆ ಒಂದೊಂದೇ ಕಲ್ತುಕೊಂಡೆ. ಯಾವ ಹೊಗೆಗೆ ಯಾವ ಟೇಬಲ್ಲು, ಯಾವ ನಂಬರ್ ನೋಡ್ಬೇಕು, ಏನು ಬರೀಬೇಕು ಅಂತ ನನಗೆ ಗೊತ್ತಾಗಿದ್ದನ್ನೆಲ್ಲ ಇಲ್ಲಿ ಹಾಕ್ತಿದ್ದೀನಿ, ನಿಮಗೆ ಅಷ್ಟು ಓಡಾಟ ಬೇಡ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಯಾಕಂದ್ರೆ ಇದನ್ನ ನಮ್ಮೂರಲ್ಲಿ ಬಹಳ ಜನ ಕೇಳೇ ಇಲ್ಲ. ಕೇಂದ್ರ ಸರ್ಕಾರ 2019ರ ಜನವರೀಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಅಂತ ಶುರು ಮಾಡ್ತು, ಎನ್‌ಕ್ಯಾಪ್ ಅಂತಾರೆ. ಗಾಳಿ ಗುಣಮಟ್ಟ ವರ್ಷಗಟ್ಟಲೆ ಮಿತಿ ದಾಟಿರೋ ಊರುಗಳ ಪಟ್ಟಿ ಅದಕ್ಕೈತೆ, ದೇಶದಲ್ಲಿ ಸುಮಾರು 130 ಊರು ಅದರಲ್ಲಿವೆ. ಕರ್ನಾಟಕದಿಂದ ನಾಲ್ಕೇ ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ನಾಲ್ಕನೇದು ನಮ್ಮ ದಾವಣಗೆರೆ. ಮೈಸೂರಿಲ್ಲ, ಮಂಗಳೂರಿಲ್ಲ, ನಾವಿದ್ದೀವಿ. ಬೇಜಾರಿನ ವಿಷಯವೇ, ಆದ್ರೆ ದೂರು ಕೊಡೋರಿಗೆ ಇದೇ ದೊಡ್ಡ ಬಲ. ಪಟ್ಟೀಲಿ ಇರೋದ್ರಿಂದ ನಮ್ಮೂರಿಗೆ ಅಂತಲೇ ಒಂದು ಆ್ಯಕ್ಷನ್ ಪ್ಲಾನ್ ಐತೆ, ಅದಕ್ಕೆ ದುಡ್ಡು ಬರ್ತದೆ, ಪಾಲಿಕೆ ಏನು ಮಾಡ್ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿ ಏನು ಮಾಡ್ಬೇಕು, ಆರ್‌ಟಿಒ ಏನು ಮಾಡ್ಬೇಕು ಅಂತ ಅದರಲ್ಲಿ ಬರೆದಿರ್ತದೆ. 2017ರ ಲೆಕ್ಕಕ್ಕೆ ಹೋಲಿಸಿದ್ರೆ ಧೂಳಿನ ಕಣ ಶೇ 20ರಿಂದ 30 ಇಳಿಸ್ಬೇಕು ಅಂತ ಮೊದಲು ಇತ್ತು, ಆಮೇಲೆ ಅದನ್ನ 2025-26ರೊಳಗೆ ಶೇ 40 ಅಂತ ಏರಿಸಿದ್ರು. ಪ್ರಾಣ ಅಂತ ಒಂದು ಪೋರ್ಟಲ್ ಐತೆ, 2021ರ ಸೆಪ್ಟೆಂಬರ್‌ನಲ್ಲಿ ಬಿಟ್ಟಿದ್ದು, ಅದರಲ್ಲಿ ಊರಿನ ಹೆಸರು ಹಾಕಿದ್ರೆ ಪ್ಲಾನ್ ಸಿಗ್ತದೆ. ಡೌನ್‌ಲೋಡ್ ಮಾಡಿ ಫೋನಲ್ಲಿ ಇಟ್ಕೊಳ್ಳಿ. ದೂರಿನಲ್ಲಿ "ನಮ್ಮ ನಗರದ ಆ್ಯಕ್ಷನ್ ಪ್ಲಾನ್ ಪ್ರಕಾರ" ಅಂತ ಒಂದು ಸಾಲು ಇದ್ದಾಗ ಕೇಳೋ ರೀತಿನೇ ಬೇರೆ ಆಗ್ತದೆ, ನಾನು ಕಣ್ಣಾರೆ ನೋಡಿದ್ದೀನಿ.

ಈಗ ನಂಬರ್ ನೋಡೋದು. ಫೋನಲ್ಲಿ ಸಮೀರ್ ಆ್ಯಪ್ ಹಾಕ್ಕೊಳ್ಳಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ದಾವಣಗೆರೆ ಅಂತ ಹುಡುಕಿದ್ರೆ ದೇವರಾಜ ಅರಸು ಬಡಾವಣೆ ಸ್ಟೇಷನ್ ಬರ್ತದೆ, ಇಪ್ಪತ್ನಾಲ್ಕು ಗಂಟೆ ತಾನಾಗೇ ಅಳೆಯೋ ಮಷಿನ್ ಅದು. ಅದರಲ್ಲಿ ಬರೋ ಎಕ್ಯೂಐ, ಅಂದ್ರೆ ಗಾಳಿ ಗುಣಮಟ್ಟದ ಸೂಚ್ಯಂಕ, 50ರ ಒಳಗಿದ್ರೆ ಉತ್ತಮ, 100ರ ತನಕ ಸಮಾಧಾನಕರ, 200ರ ತನಕ ಮಧ್ಯಮ, 300ರ ತನಕ ಕಳಪೆ, 400ರ ತನಕ ತೀರಾ ಕಳಪೆ, ಅದರಾಚೆ ಗಂಭೀರ. ಬಹಳ ಜನ ಫೋನ್ ಜೊತೆ ಬರೋ ಹವಾಮಾನ ಆ್ಯಪ್ ನೋಡಿ ಗಾಬರಿ ಆಗ್ತಾರೆ ಇಲ್ಲಾ ಸಮೀರ್ ಜೊತೆ ಹೋಲಿಸಿ ಒಂದು ಸುಳ್ಳು ಹೇಳ್ತಿದೆ ಅಂತಾರೆ. ಹಂಗಲ್ಲ, ಅಳತೆಪಟ್ಟಿನೇ ಬೇರೆ. ಗಾಳೀಲಿ ಪಿಎಂ 2.5, ಅಂದ್ರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣ, ದಿನದ ಸರಾಸರಿ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ ಇತ್ತು ಅಂದ್ಕೊಳ್ಳಿ, ನಮ್ಮ ದೇಶದ ಲೆಕ್ಕಕ್ಕೆ ಅದು 100, ಸಮಾಧಾನಕರ. ಅಮೆರಿಕದ ಲೆಕ್ಕಕ್ಕೆ ಅದೇ ಗಾಳಿ 150 ದಾಟ್ತದೆ, ಆರೋಗ್ಯಕ್ಕೆ ಕೆಟ್ಟದ್ದು ಅಂತ ಕೆಂಪು ಬಣ್ಣ ಬರ್ತದೆ. ಎರಡೂ ನಿಜ. ದೂರಿಗೆ ಮಾತ್ರ ಯಾವಾಗ್ಲೂ ಸಮೀರ್ ನಂಬರೇ ಹಾಕಿ, ಬೇರೆ ಆ್ಯಪಿನ ಸ್ಕ್ರೀನ್‌ಶಾಟ್ ಕೊಟ್ರೆ ಅದನ್ನೇ ಹಿಡ್ಕೊಂಡು ಮಾತು ಬೇರೆ ಕಡೆ ಹೋಗ್ತದೆ.

ಇನ್ನೊಂದು ಎಡವಟ್ಟು ನಾನೂ ಮಾಡಿದ್ದೆ. ಬೆಳಿಗ್ಗೆ ಆರೂವರೆಗೆ ಓಣಿ ತುಂಬಾ ಹೊಗೆ, ಸಮೀರ್ ತೆಗೆದ್ರೆ 80. ಏನಿದು ಅಂತ ಸಿಟ್ಟು ಬಂತು. ವಿಷಯ ಏನಂದ್ರೆ ಧೂಳಿನ ಎಕ್ಯೂಐ ಅನ್ನೋದು ಆ ಕ್ಷಣದ್ದಲ್ಲ, ಹಿಂದಿನ 24 ಗಂಟೆಯ ಸರಾಸರಿ, ಅದರಲ್ಲಿ ಕಡೇಪಕ್ಷ 16 ಗಂಟೆ ಡೇಟಾ ಇರ್ಬೇಕು. ಒಂದು ಗಂಟೆ ಹೊಗೆ ಅದರಲ್ಲಿ ಕರಗಿ ಹೋಗ್ತದೆ. ಆ ಗಂಟೆದ್ದೇ ಬೇಕಂದ್ರೆ ಕೇಂದ್ರ ಮಂಡಳಿಯ ಸೈಟಲ್ಲಿ ಸ್ಟೇಷನ್ ಆರಿಸಿ, ದಿನಾಂಕ ಆರಿಸಿ, 1 ಗಂಟೆ ಅಂತ ಕೊಟ್ಟು ಟೇಬಲ್ ತೆಗೀಬೇಕು, ಒಂದೊಂದು ಗಂಟೆಗೂ ಪಿಎಂ 10 ಎಷ್ಟು, ಪಿಎಂ 2.5 ಎಷ್ಟು ಅಂತ ಸಾಲಾಗಿ ಬರ್ತದೆ.

ಆ ಟೇಬಲ್ ಓದೋದು ಕಲ್ತ್ರೆ ಅರ್ಧ ಕೆಲಸ ಆದಂಗೆ. ಪಿಎಂ 10 ಅಂದ್ರೆ 10 ಮೈಕ್ರಾನ್‌ಗಿಂತ ಸಣ್ಣ ಕಣ ಎಲ್ಲಾ, ಅದರಲ್ಲಿ ದಪ್ಪಗಿರೋದು ಬಹುಪಾಲು ರಸ್ತೆ ಧೂಳು, ಮಣ್ಣು, ಕಟ್ಟಡದ ಸಿಮೆಂಟು ಮರಳು. ಪಿಎಂ 2.5 ಅದಕ್ಕಿಂತ ಬಹಳ ಸಣ್ಣದು, ಬಹುಪಾಲು ಏನಾದ್ರೂ ಸುಟ್ಟಾಗ ಬರೋದು, ಕಸ, ಕಟ್ಟಿಗೆ, ಡೀಸೆಲ್. ಇದೇ ಶ್ವಾಸಕೋಶದ ತಳಕ್ಕೆ ಇಳಿದು ರಕ್ತಕ್ಕೂ ಸೇರೋದು. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ದಿನದ ಮಿತಿ ಪಿಎಂ 10ಕ್ಕೆ 100, ಪಿಎಂ 2.5ಕ್ಕೆ 60. ವರ್ಷದ ಸರಾಸರಿ 60 ಮತ್ತು 40 ದಾಟಬಾರ್ದು. ಈಗ ನೋಡ್ರಿ, ಪಿಎಂ 10 ಜಿಗಿದು ಪಿಎಂ 2.5 ಹಂಗೇ ಇದ್ರೆ ಅದು ಧೂಳು, ರಸ್ತೆ ಅಗೆದೋರನ್ನ, ಕಟ್ಟಡದೋರನ್ನ, ಪಾಲಿಕೆ ಎಂಜಿನಿಯರನ್ನ ಕೇಳ್ಬೇಕು. ಪಿಎಂ 2.5 ಕೂಡ ಜೊತೆಗೇ ಏರಿ ಪಿಎಂ 10ರಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಇದ್ರೆ ಎಲ್ಲೋ ಏನೋ ಸುಡ್ತಿದೆ ಅಂತ ಅನುಮಾನ ಪಡಿ. ಬೇಸಿಗೇಲಿ ಪಿಬಿ ರೋಡ್ ಕಡೆ ಗಾಳಿ ಎದ್ದಾಗ ಮೊದಲ್ನೇದು, ಡಿಸೆಂಬರ್ ಜನವರಿ ಬೆಳಿಗ್ಗೆ ಎರಡನೇದು. ಮಳೆಗಾಲದಲ್ಲಿ ಎರಡೂ ತೊಳೆದು ಹೋಗಿರ್ತವೆ, ಜುಲೈ ನಂಬರ್ ತೋರಿಸಿ ಊರು ಚೆನ್ನಾಗಿದೆ ಅಂತ ಯಾರಾದ್ರೂ ಅಂದ್ರೆ ಜನವರೀದೂ ತೋರಿಸಿ ಅನ್ನಿ.

ಇಷ್ಟಾದ್ರೂ ಒಂದು ಸ್ಟೇಷನ್ ಇಡೀ ಊರನ್ನ ನೋಡೋಕಾಗಲ್ಲ. 2011ರ ಜನಗಣತೀಲೇ ನಾವು ನಾಲ್ಕು ಲಕ್ಷ ಮೂವತ್ತು ಸಾವಿರದ ಮೇಲಿದ್ವಿ. ಇದಲ್ಲದೆ ಫಿಲ್ಟರ್ ಪೇಪರ್ ಹಾಕಿ ಕೈಯಲ್ಲೇ ಅಳೆಯೋ ಪದ್ಧತೀನೂ ಐತೆ, ಕಾಗದ ಹಾಕೋಕೆ ಮುಂಚೆ ತೂಕ ಮಾಡಿ, 24 ಗಂಟೆ ಗಾಳಿ ಎಳೆಸಿ, ಮತ್ತೆ ತೂಕ ಮಾಡೋದು, ಆದ್ರೆ ಅದು ವಾರಕ್ಕೆ ಎರಡೇ ದಿನ, ವರ್ಷಕ್ಕೆ 104 ಸಲ. ಹಂಗಾಗಿ ನಿಮ್ಮ ಓಣಿ ಹೊಗೆ ಯಾವ ಮಷಿನ್ನಿಗೂ ಕಾಣದೇ ಹೋಗೋದೇ ಜಾಸ್ತಿ. ಅದಕ್ಕೇ ನೀವು ಬರೆದಿಟ್ಕೊಂಡಿದ್ದೇ ದಾಖಲೆ. ಒಂದು ಹಳೇ ಡೈರಿ ಸಾಕು. ದಿನ, ಶುರುವಾದ ಟೈಮು, ನಿಂತ ಟೈಮು, ಹೊಗೆ ಬಣ್ಣ, ವಾಸನೆ, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು, ಮನೇಲಿ ಯಾರಿಗೆ ಏನಾಯ್ತು. ನಾನು ಹದಿನೈದು ದಿನ ಬರೆದೆ. ಬರೀತಾ ಬರೀತಾ ಗೊತ್ತಾಯ್ತು, ಬೆಂಕಿ ಬೀಳೋದು ದಿನಾ ಅಲ್ಲ, ಕಸದ ಗಾಡಿ ಬರದೇ ಇರೋ ದಿನದ ಮರುದಿನ ಬೆಳಿಗ್ಗೆ. ಇದು ಗೊತ್ತಾಗಿದ್ದೇ ದೊಡ್ಡ ವಿಷಯ, ಯಾಕಂದ್ರೆ ದೂರಿನ ದಾರಿನೇ ಬದಲಾಯ್ತು, ಬೆಂಕಿ ಹಚ್ಚೋರನ್ನ ಹಿಡೀರಿ ಅನ್ನೋದರ ಜೊತೆ ಗಾಡಿ ಸರಿಯಾಗಿ ಕಳಿಸಿ ಅಂತ ಕೇಳೋಕಾಯ್ತು. ಫೋಟೋ ತೆಗೀವಾಗ ಜಿಪಿಎಸ್ ಕ್ಯಾಮೆರಾ ಆ್ಯಪಲ್ಲಿ ತೆಗೀರಿ, ಜಾಗ, ಟೈಮು ಫೋಟೋ ಮೇಲೇ ಬೀಳ್ತದೆ. ಬೆಂಕಿ ಹಚ್ಚೋ ಮನುಷ್ಯನ ಮುಖ ತೆಗೆದು ಗ್ರೂಪಿಗೆ ಹಾಕೋದು ಮಾತ್ರ ಬೇಡ, ಚಳಿಗೆ ಕೈ ಕಾಯಿಸ್ಕೊಳ್ಳೋ ಬಡವರೇ ಸಿಕ್ಕಿ ಬೀಳೋದು, ಕಸ ತಂದು ಸುರಿದೋರು ಅಲ್ಲಿರೋದೇ ಇಲ್ಲ.

ಯಾವುದಕ್ಕೆ ಯಾರು ಅನ್ನೋದು ಈಗ. ಕಸ, ಎಲೆ, ಖಾಲಿ ಸೈಟಲ್ಲಿ ಬೆಂಕಿ ಅಂದ್ರೆ ಮಹಾನಗರ ಪಾಲಿಕೆ ಆರೋಗ್ಯ ಶಾಖೆ, ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರು, ಅವರ ಮೇಲೆ ಪರಿಸರ ಎಂಜಿನಿಯರ್. ಕಸ ಸುಡೋದಕ್ಕೆ ದಂಡ ಹಾಕೋ ಅಧಿಕಾರ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ, ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಸಾಮಾನ್ಯ ಬೆಂಕಿಗೆ 5,000, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ಅಂತ ಇಡೀ ದೇಶಕ್ಕೆ ಆದೇಶ ಮಾಡಿದೆ. ಫ್ಯಾಕ್ಟರಿ, ಅಕ್ಕಿ ಗಿರಣಿ, ಯಾವುದೇ ಚಿಮಣಿ ಹೊಗೆ, ಹಾರು ಬೂದಿ ಅಂದ್ರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ದಾವಣಗೆರೇಲೇ ಅದರ ಪ್ರಾದೇಶಿಕ ಕಚೇರಿ ಐತೆ, ಪರಿಸರ ಅಧಿಕಾರಿಗೆ ಬರೀರಿ. 1981ರ ವಾಯು ಕಾಯ್ದೆ ಪ್ರಕಾರ ಉದ್ದಿಮೆ ನಡೆಸೋಕೆ ಮಂಡಳಿ ಸಮ್ಮತಿ ಪತ್ರ ಬೇಕು, ಅದರಲ್ಲಿ ಚಿಮಣಿ ಎಷ್ಟೆತ್ತರ, ಯಾವ ಉರುವಲು ಅಂತ ಷರತ್ತು ಇರ್ತವೆ. ಹೊಗೆ ಉಗುಳೋ ಗಾಡಿ ಆರ್‌ಟಿಒ ಇಲ್ಲಾ ಟ್ರಾಫಿಕ್ ಪೊಲೀಸು. ಬೆಂಕಿ ದೊಡ್ಡದಾಗಿದ್ರೆ ದೂರು ಗೀರು ಆಮೇಲೆ, ಮೊದಲು 112ಕ್ಕೆ ಫೋನ್ ಮಾಡಿ. ಹಳ್ಳಿ ಕಡೆ ಆದ್ರೆ ಗ್ರಾಮ ಪಂಚಾಯ್ತಿ ಪಿಡಿಒ.

ಕಟ್ಟಡದ ಧೂಳಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಪಕ್ಕದಲ್ಲಿ ಮನೆ ಕಟ್ತಾರೆ, ಗ್ರಾನೈಟ್ ಕಟಿಂಗ್ ರಸ್ತೇಲೇ ನಡೀತದೆ, ಎಂ-ಸ್ಯಾಂಡ್ ರಾಶಿ ಬಯಲಲ್ಲಿ ಬಿದ್ದಿರ್ತದೆ, ನಾವು ಅಕ್ಕಪಕ್ಕದೋರು ಅಂತ ಸುಮ್ನಿರ್ತೀವಿ. 2018ರ ಜನವರೀಲಿ ಕೇಂದ್ರ ಪರಿಸರ ಇಲಾಖೆ ಅಧಿಸೂಚನೆ ಹೊರಡಿಸಿದೆ: ಧೂಳಿನ ಮಿತಿ ದಾಟಿರೋ ಊರುಗಳಲ್ಲಿ ಮರಳು, ಮಣ್ಣು ಮುಚ್ಚಿಡದೇ ಬಿಡಂಗಿಲ್ಲ, ಬಯಲಲ್ಲಿ ಕಲ್ಲು ಕೊಯ್ಯಂಗಿಲ್ಲ, ನೀರು ಚಿಮುಕಿಸ್ಬೇಕು, ಹೊದಿಕೆ ಇಲ್ಲದೆ ಸಾಮಾನು ಸಾಗಿಸಂಗಿಲ್ಲ, ಧೂಳಿಗೆ ಏನು ಕ್ರಮ ತಗೊಂಡಿದ್ದೀವಿ ಅಂತ ಬೋರ್ಡ್ ಹಾಕ್ಬೇಕು. ನಮ್ಮೂರು ಎನ್‌ಕ್ಯಾಪ್ ಪಟ್ಟೀಲಿ ಇರೋದೇ ಈ ಕಾರಣಕ್ಕೆ, ಹಂಗಾಗಿ ಇದು ನಮಗೆ ಅನ್ವಯ ಆಗ್ತದೆ. ಪಕ್ಕದ ಮನೆಯೋರಿಗೆ ಮೊದಲು ನೀವೇ ಹೇಳಿ, ಅಣ್ಣಾ ಒಂದು ಹಸಿರು ನೆಟ್ ಕಟ್ಟಿಸಿ, ಕಟಿಂಗಿಗೆ ನೀರು ಬಿಟ್ಕೊಳ್ಳೋಕೆ ಹೇಳಿ ಅಂತ. ನೀರು ಹಾಕಿ ಕೊಯ್ದ್ರೆ ಆ ಬಿಳಿ ಪುಡಿ ಏಳೋದೇ ಇಲ್ಲ, ಕೊಯ್ಯೋ ಹುಡುಗನ ಎದೆಯೂ ಉಳೀತದೆ. ಕೇಳಲಿಲ್ಲ ಅಂದ್ರೆ ಪಾಲಿಕೆಗೆ ಬರೀರಿ. ದೊಡ್ಡ ಅಪಾರ್ಟ್‌ಮೆಂಟು, ಕಾಂಪ್ಲೆಕ್ಸು, ರಸ್ತೆ ಕೆಲಸ ಆದ್ರೆ ನೇರವಾಗಿ ಬರೀರಿ, ಅಲ್ಲಿ ಸಂಕೋಚ ಬೇಡ.

ದೂರು ಬರೆಯೋದು ಹೆಂಗೆ ಅಂದ್ರೆ ಕಥೆ ಬೇಡ, ಬೈಗುಳ ಬೇಡ, ಒಂದು ಪುಟ ಸಾಕು. ನಾನು ಕೊಟ್ಟಿದ್ದು ಹೆಚ್ಚು ಕಮ್ಮಿ ಹಿಂಗಿತ್ತು: "ಮಾನ್ಯರೇ, ನಮ್ಮ ಬೀದಿಯ ಮೂಲೆಯಲ್ಲಿರುವ ಖಾಲಿ ನಿವೇಶನದಲ್ಲಿ ಡಿಸೆಂಬರ್ 9, 12 ಮತ್ತು 16ರಂದು ಬೆಳಿಗ್ಗೆ 5.50ರಿಂದ 6.40ರವರೆಗೆ ಪ್ಲಾಸ್ಟಿಕ್ ಸಹಿತ ಕಸ ಸುಡಲಾಗಿದೆ. ಫೋಟೋ ಲಗತ್ತಿಸಿದೆ. ಈ ಮೂರೂ ದಿನಗಳ ಹಿಂದಿನ ದಿನ ಕಸದ ವಾಹನ ಬಂದಿರುವುದಿಲ್ಲ. ದಾವಣಗೆರೆ ನಗರವು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿದ್ದು ಕಸ ಸುಡುವುದನ್ನು ತಡೆಯುವುದು ಅದರ ಭಾಗವಾಗಿರುತ್ತದೆ. ಆದ್ದರಿಂದ ಕಸದ ವಾಹನ ನಿಗದಿತ ದಿನ ಬರುವಂತೆ, ಎಲೆ ಕಸಕ್ಕೆ ಪ್ರತ್ಯೇಕ ವ್ಯವಸ್ಥೆ ಆಗುವಂತೆ ಕ್ರಮ ಕೈಗೊಂಡು ನನಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ." ಅಷ್ಟೇ. ಎರಡು ಪ್ರತಿ ತಗೊಂಡು ಹೋಗಿ, ಟಪಾಲು ಶಾಖೇಲಿ ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸ್ಕೊಳ್ಳಿ. ಸಾಹೇಬ್ರು ಇಲ್ಲ ನಾಳೆ ಬನ್ನಿ ಅಂದ್ರೂ ವಾಪಸ್ ಬರಬೇಡಿ, ಟಪಾಲು ತಗೊಳ್ಳೋಕೆ ಸಾಹೇಬ್ರು ಇರ್ಬೇಕಂತಿಲ್ಲ. ಆ ಸೀಲು ಇಲ್ಲದ ಕಾಗದ ಕೊಟ್ಟಂಗೇ ಅಲ್ಲ. ಓಣಿಯವರು ನಾಲ್ಕು ಜನ ಸಹಿ ಹಾಕಿದ್ರೆ ಇನ್ನೂ ಒಳ್ಳೇದು, ನಮ್ಮ ಕಡೆ ಎದುರುಮನೆ ಅಜ್ಜಿ ಹೆಬ್ಬೆಟ್ಟು ಒತ್ತಿದ್ರು.

ಹೋಗೋಕಾಗಲ್ಲ ಅನ್ನೋರು ಜನಹಿತ ಆ್ಯಪ್ ಇಲ್ಲಾ ಸ್ವಚ್ಛತಾ ಆ್ಯಪಲ್ಲಿ ಹಾಕಬಹುದು, 1902ಕ್ಕೆ ಫೋನ್ ಮಾಡಿದ್ರೆ ರಾಜ್ಯ ಸರ್ಕಾರದ ಜನಸ್ಪಂದನಕ್ಕೆ ಹೋಗ್ತದೆ, ಯಾವ ಇಲಾಖೆದಾದ್ರೂ ತಗೊಳ್ತಾರೆ. ದೂರಿನ ನಂಬರ್ ಬರೆದಿಟ್ಕೊಳ್ಳಿ. ಕೆಲವು ಸಲ ಏನೂ ಆಗದೇನೇ ಮುಕ್ತಾಯ ಅಂತ ಮೆಸೇಜ್ ಬರ್ತದೆ, ಆವಾಗ ಸುಮ್ನಾಗದೆ ಆ ದಿನದ್ದೇ ಹೊಸ ಫೋಟೋ ಹಾಕಿ ಮತ್ತೆ ಕೊಡಿ.

ಮಂಡಕ್ಕಿ ಭಟ್ಟಿ ಬಗ್ಗೆ ಹೇಳದೆ ದಾವಣಗೆರೆ ಗಾಳಿ ಬಗ್ಗೆ ಬರೆಯೋಕಾಗಲ್ಲ. ಸಂಜೆ ಮಿರ್ಚಿ ಮಂಡಕ್ಕಿ ತಿನ್ನೋರು ನಾವೆಲ್ಲ. ಒಂದು ಸಲ ಭಟ್ಟಿ ಒಳಗೆ ಹೋಗಿ ನಿಂತು ನೋಡಿ. ತಗ್ಗು ಚಾವಣಿ, ಕಾದ ಮರಳಿನ ಬಾಣಲೆ, ಉಪ್ಪು ಹಾಕಿ ಹದ ಮಾಡಿದ ಅಕ್ಕಿ ಸುರಿದ ಕೂಡ್ಲೆ ಚಟಚಟ ಅಂತ ಅರಳಿ ಮೇಲಕ್ಕೆ ಬರ್ತದೆ, ಜರಡೀಲಿ ಮರಳು ಸೋಸಿ ಒಂದು ಕಡೆ ತಳ್ತಾರೆ, ಕೆಳಗೆ ಒಲೆ ಬಾಯಿಗೆ ಒಬ್ಬರು ಉರುವಲು ತುರುಕ್ತಾನೇ ಇರ್ತಾರೆ. ಹೊಗೆ ಊರಿಗೆ ಬರೋಕೆ ಮುಂಚೆ ಅವರ ಎದೆಗೇ ಹೋಗ್ತದೆ. ಅದಕ್ಕೇ ಭಟ್ಟಿ ಮುಚ್ಚಿಸಿ ಅಂತ ದೂರು ಬರೆಯೋದು ನನಗೆ ಒಪ್ಪಿಗೆ ಇಲ್ಲ, ಎಷ್ಟೋ ಮನೆಗಳ ಅನ್ನ ಅದು. ಕೇಳಬೇಕಾದ್ದು ಬೇರೆ. ಹೊಟ್ಟು, ಕಟ್ಟಿಗೆ ಉರಿದ್ರೆ ಬೂದುಬಣ್ಣದ ಹೊಗೆ. ಟೈರು ರಬ್ಬರು ಹಾಕಿದ್ರೆ ದಟ್ಟ ಕಪ್ಪು, ಗಂಟಲು ಕೆರೆಯೋ ವಾಸನೆ, ಒಣಗಿಸಿದ ಬಟ್ಟೆ ಮೇಲೆ ಮಸಿ. ಟೈರ್ ಹೊಗೆ ಎಲ್ಲಿ ಕಂಡ್ರೂ ಟೈಮ್ ಸಮೇತ ಮಂಡಳಿಗೆ ಬರೀರಿ, ಅದಕ್ಕೆ ವಿನಾಯ್ತಿ ಇಲ್ಲ. ಜೊತೆಗೆ, ಒಳ್ಳೇ ಒಲೆಗೆ, ಎತ್ತರದ ಚಿಮಣಿಗೆ ಎನ್‌ಕ್ಯಾಪ್ ದುಡ್ಡಲ್ಲಿ ಸಹಾಯ ಕೊಡ್ರಿ ಅಂತ ಪಾಲಿಕೆಗೆ ಕೇಳಿ.

ದುಡ್ಡಿನ ಮಾತು ಬಂತಲ್ಲ, ಇದನ್ನೂ ಕೇಳಿ. ದೆಹಲಿಯ ಸಿಎಸ್‌ಇ (ವಿಜ್ಞಾನ ಮತ್ತು ಪರಿಸರ ಕೇಂದ್ರ) ಸಂಸ್ಥೆ 2024ರಲ್ಲಿ ಲೆಕ್ಕ ಹಾಕಿದ ಪ್ರಕಾರ ದೇಶದಲ್ಲಿ ಎನ್‌ಕ್ಯಾಪ್ ದುಡ್ಡಿನ ಶೇ 64 ಭಾಗ ಹೋಗಿರೋದು ರಸ್ತೆ ಧೂಳಿಗೆ, ಕಸ ಕಟ್ಟಿಗೆ ಸುಡೋದನ್ನ ತಡೆಯೋಕೆ ಶೇ 14 ಚಿಲ್ಲರೆ, ಕೈಗಾರಿಕೆ ಹೊಗೆಗೆ ಶೇ 1 ಕೂಡ ಇಲ್ಲ. ಯಾಕಂದ್ರೆ ಊರಿನ ಸಾಧನೆ ಅಳೆಯೋದು ಪಿಎಂ 10 ನೋಡಿ. ಗುಡಿಸೋ ಮಷಿನ್, ನೀರು ಹಾರಿಸೋ ಟ್ಯಾಂಕರ್ ಬೇಡ ಅಂತಲ್ಲ, ಆದ್ರೆ ನಮ್ಮಮ್ಮನ ಉಬ್ಬಸಕ್ಕೆ ಕಾರಣ ಆ ಹೊಗೆ, ಅದಕ್ಕೆಷ್ಟು ಇಟ್ಟಿದ್ದಾರೆ ಅಂತ ಕೇಳೋ ಹಕ್ಕು ನಮಗಿದೆ.

ಕೇಳೋ ದಾರಿ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಬಿಳಿ ಹಾಳೆ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜೀಲಿ ಒಂದೇ ವಿಷಯ, 150 ಪದದ ಒಳಗೆ, ಇದು ತಪ್ಪಿದ್ರೆ ಅಲ್ಲೇ ವಾಪಸ್ ಬರ್ತದೆ. ಯಾಕೆ ಮಾಡಿಲ್ಲ ಅಂತ ಕೇಳಬೇಡಿ, ಯಾಕೆ ಅನ್ನೋದಕ್ಕೆ ಉತ್ತರ ಕೊಡಬೇಕಿಲ್ಲ ಅಂತ ಹಿಂಬರಹ ಬರ್ತದೆ. ದಾಖಲೆ ಕೇಳಿ, ಒಂದೊಂದು ವಿಷಯಕ್ಕೂ ಬೇರೆ ಬೇರೆ ಅರ್ಜಿ: ಎನ್‌ಕ್ಯಾಪ್ ಅಡಿ ವರ್ಷವಾರು ಬಂದ ಅನುದಾನ, ಖರ್ಚಿನ ವಿವರ, ಕಸ ಸುಟ್ಟಿದ್ದಕ್ಕೆ ಹಾಕಿದ ದಂಡದ ರಸೀದಿಗಳ ನಕಲು, ನೀರಿನ ಟ್ಯಾಂಕರ್ ಲಾಗ್‌ಬುಕ್ ನಕಲು. 30 ದಿನದಲ್ಲಿ ಬರಬೇಕು, ಬರಲಿಲ್ಲ ಅಂದ್ರೆ ಮುಂದಿನ 30 ದಿನದೊಳಗೆ ಮೊದಲ್ನೇ ಮೇಲ್ಮನವಿ. ನನಗೆ ಸಿಕ್ಕಿದ್ದು ಎರಡನೇ ಸಲ ಹಾಕಿದಾಗ.

ಚಿತ್ರದುರ್ಗದ ಕಡೆ ನೆಂಟರು ನಮಗೂ ಹೇಳ್ರಿ ಅಂತಿದ್ರು. ನಿಮ್ಮೂರು ಎನ್‌ಕ್ಯಾಪ್ ಪಟ್ಟೀಲಿಲ್ಲ, ಆ ಸಾಲು ಬರೆಯೋಕೆ ಬರಲ್ಲ, ಆದ್ರೆ ವಾಯು ಕಾಯ್ದೆ, 1902, ಆರ್‌ಟಿಐ ಎಲ್ಲಾ ಅದೇ. ಹೊಳಲ್ಕೆರೆ, ಹೊಸದುರ್ಗ ಕಡೆ ಅದಿರು ಲಾರಿ ಧೂಳಿನ ಊರಾದ್ರೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಅಂತ ಬೇರೆ ದುಡ್ಡಿದೆ, ಪರಿಸರ ರಕ್ಷಣೆ, ಮಾಲಿನ್ಯ ನಿಯಂತ್ರಣ ಅದರ ಆದ್ಯತೆಯ ಪಟ್ಟೀಲೇ ಐತೆ. ಟಾರ್ಪಾಲು ಹಾಕದ ಲಾರಿ ನಂಬರು, ಟೈಮು ಬರೆದು ಜಿಲ್ಲಾಧಿಕಾರಿಗೆ ಕೊಡಿ, ಪಂಚಾಯ್ತಿ ಗ್ರಾಮಸಭೇಲಿ ಠರಾವು ಮಾಡಿಸಿ ಕಳಿಸಿದ್ರೆ ತೂಕ ಜಾಸ್ತಿ.

ನಮ್ಮ ಓಣಿ ವಿಷಯ ಏನಾಯ್ತು ಅಂತ ಕೇಳ್ತೀರಿ. ಸೀಲು ಬಿದ್ದ ಒಂಬತ್ತನೇ ದಿನ ನಿರೀಕ್ಷಕರು ಬಂದು ನೋಡಿದ್ರು, ಅಮ್ಮನ ಹತ್ರಾನೂ ಮಾತಾಡಿದ್ರು, ಚಾ ಕುಡ್ಕೊಂಡು ಹೋದ್ರು. ಈಗ ಎಲೆ ಕಸ ಚೀಲಕ್ಕೆ ತುಂಬಿ ಮೂಲೇಲಿ ಇಡ್ತೀವಿ, ಬುಧವಾರ ಮತ್ತೆ ಶನಿವಾರ ಟ್ರ್ಯಾಕ್ಟರ್ ಬಂದು ಒಯ್ತದೆ. ಬುಧವಾರ ಬರಲಿಲ್ಲ ಅಂದ್ರೆ ನಾನು ಗುರುವಾರದ ಬೆಳಿಗ್ಗೆ ತನಕ ಕಾಯಲ್ಲ, ಬುಧವಾರ ಸಂಜೆನೇ ಫೋನ್ ಮಾಡ್ತೀನಿ.